ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ನಿಂತಿದ್ದ ಜಾವಾ

ನಮ್ಮ ಸೋದರಮಾವನ ಜಾವಾ 250 ಬೈಕು ಇಪ್ಪತ್ತಾರು ವರ್ಷ ಪಿರಿಯಾಪಟ್ಟಣದ ಹತ್ತಿರದ ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಳಗೆ ನಿಂತಿತ್ತು. ಆ ಬ್ಯಾರನ್‌ಗೆ ಬೆಂಕಿ ಹಾಕುವುದು ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ಗಾಡಿ ಮೇಲೆ ಗೋಣಿಚೀಲ, ಹಳೇ ಪೈಪು, ಕೋಳಿ ಕುಕ್ಕೆ ಎಲ್ಲ ಪೇರಿಸಿದ್ದರು. ಒಂದೊಂದಾಗಿ ತೆಗೆದು ನೋಡಿದರೆ ಟೈರು ನೆಲಕ್ಕೆ ಅಂಟಿತ್ತು. ಆದರೆ ಟ್ಯಾಂಕಿನ ಪಕ್ಕದ ಕ್ರೋಮ್ ಮಾತ್ರ ಧೂಳು ಒರೆಸಿದ ಜಾಗದಲ್ಲಿ ಹೊಳೆಯಿತು. ಅಲ್ಲೇ ನನ್ನ ಮನಸ್ಸು ಹೋಯಿತು.

"ಗುಜರಿಯವನು ಎರಡು ಸಲ ಬಂದು ಕೇಳ್ದ ಕಣೋ. ಯಾಕೋ ಕೊಡಕ್ಕೆ ಮನಸ್ಸು ಬರ್ಲಿಲ್ಲ. ನೀನು ತಗೊಂಡೋಗು" ಅಂದರು ಮಾವ. ಹಳೇ ಆರ್‌ಸಿ ಪುಸ್ತಕವನ್ನು ಟ್ರಂಕಿನಿಂದ ಹುಡುಕಿ ಕೊಟ್ಟರು. 1969ರ ಗಾಡಿ, ನಂಬರು ಎಂ.ವೈ. ಎಂದು ಶುರುವಾಗುತ್ತದೆ. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು.

ಟಾಟಾ ಏಸ್‌ನಲ್ಲಿ ಮೈಸೂರಿಗೆ ತಂದೆ. ಒಂದು ರೀತಿಯಲ್ಲಿ ಅದು ತವರಿಗೆ ಬಂದ ಹಾಗೆ. ಐಡಿಯಲ್ ಜಾವಾ ಕಂಪನಿ ಇದೇ ಊರಿನಲ್ಲಿ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಹಾಕಿತು. ಇಂದಿಗೂ ಇಲ್ಲಿ ಹಳೇ ಕೈಗಳಿವೆ. ಆ ಫ್ಯಾಕ್ಟರಿಯಲ್ಲಿ ಎಂಜಿನ್ ಜೋಡಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಬೀದಿಯಿಂದ ಎರಡು ಬೀದಿ ಆಚೆ ಇದ್ದಾರೆ. ಅವರು ಹೇಳಿದ ಮೊದಲ ಮಾತು ಇದು: "ಬಣ್ಣದ ಯೋಚನೆ ಬಿಡು. ಮೊದಲು ಕ್ರ್ಯಾಂಕ್ ನೋಡು, ಸೀಲ್ ನೋಡು." ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟ ಮಾಡುವ ಶಾಫ್ಟು, ಸೀಲ್ ಅಂದರೆ ಅದರ ತುದಿಗಳಲ್ಲಿ ಗಾಳಿ, ಎಣ್ಣೆ ತಡೆಯುವ ರಬ್ಬರ್ ಬಳೆ. ಆ ಮಾತಿನ ಅರ್ಧ ಮಾತ್ರ ನನಗೆ ಆಗ ಕೇಳಿಸಿತು. ಇನ್ನರ್ಧ ಕೇಳಿಸಲು ಮೂರು ತಿಂಗಳು ಬೇಕಾಯಿತು.

ಬಿಚ್ಚುವ ಮೊದಲು ಫೋಟೋ. ನಾನು ಆರುನೂರಕ್ಕೂ ಜಾಸ್ತಿ ತೆಗೆದೆ. ಯಾವ ವೈರು ಯಾವ ಕ್ಲಿಪ್ಪಿನ ಕೆಳಗೆ ಹೋಗುತ್ತದೆ, ಯಾವ ವಾಷರ್ ಯಾವ ಕಡೆ, ಸ್ಪ್ರಿಂಗಿನ ಕೊಕ್ಕೆ ಎತ್ತ ಮುಖ ಮಾಡಿದೆ, ಇದೆಲ್ಲ ಬಿಚ್ಚುವಾಗ ನೆನಪಿರುತ್ತದೆ ಅನಿಸುತ್ತದೆ. ಎಂಟು ತಿಂಗಳ ಮೇಲೆ ಜೋಡಿಸಲು ಕೂತಾಗ ಒಂದೂ ನೆನಪಿರುವುದಿಲ್ಲ. ಬೋಲ್ಟು, ನಟ್ಟುಗಳಿಗೆ ಮೊಟ್ಟೆ ಟ್ರೇ ಬಳಸಿದೆ. ಒಂದು ಕವರ್ ಬಿಚ್ಚಿದರೆ ಒಂದು ಸಾಲು. ಸ್ಕ್ರೂಗಳನ್ನು ಕವರಿನ ಮೇಲೆ ಯಾವ ಆಕಾರದಲ್ಲಿದ್ದವೋ ಅದೇ ಆಕಾರದಲ್ಲಿ ರಟ್ಟಿಗೆ ಚುಚ್ಚಿಟ್ಟೆ. ಉದ್ದ, ಗಿಡ್ಡ ಸ್ಕ್ರೂ ಅದಲು ಬದಲಾದರೆ ಅಲ್ಯೂಮಿನಿಯಂ ಕೇಸಿನ ಮರೆ (ಸ್ಕ್ರೂ ಹಿಡಿಯುವ ಥ್ರೆಡ್) ಹೋಗುತ್ತದೆ. ಅದನ್ನು ಸರಿಮಾಡುವುದು ದೊಡ್ಡ ಕೆಲಸ.

ಎಂಜಿನ್ ಜಾಮ್ ಆಗಿತ್ತು. ಹೆಡ್ ತೆಗೆದು ಪಿಸ್ಟನ್ ಮೇಲೆ ಡೀಸೆಲ್, ಸೀಮೆಎಣ್ಣೆ ಸಮ ಬೆರೆಸಿ ಸುರಿದು ಹತ್ತು ದಿನ ಬಿಟ್ಟೆ. ದಿನಾ ಸಂಜೆ ಕೆಲಸದಿಂದ ಬಂದು ಗೇರ್ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸುತ್ತಿದ್ದೆ. ಹನ್ನೊಂದನೇ ದಿನ ಕೂದಲೆಳೆಯಷ್ಟು ಸರಿಯಿತು. ಸುತ್ತಿಗೆಯಲ್ಲಿ ಹೊಡೆದು ಬಿಡಿಸಲು ಹೋದರೆ ಪಿಸ್ಟನ್ ತೂತಾಗುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕಾಯಬೇಕು, ಬೇರೆ ದಾರಿ ಇಲ್ಲ.

ಪಿಸ್ಟನ್ ತಲೆ ಮೇಲಿನ ಮಸಿ ಕೆರೆದಾಗ 0.50 ಎಂಬ ಅಂಕಿ ಕಂಡಿತು. ಅಂದರೆ ಹಿಂದೆ ಯಾರೋ ಒಮ್ಮೆ ಬೋರ್ ಮಾಡಿಸಿದ್ದಾರೆ, ಸಿಲಿಂಡರನ್ನು ಅರ್ಧ ಮಿ.ಮೀ. ಅಗಲ ಕೊರೆಸಿದ್ದಾರೆ. ಈ ಎಂಜಿನ್‌ನ ಮೂಲ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ಬ್ಲಾಕಿನ ಗೋಡೆಯಲ್ಲಿ ತುಕ್ಕಿನ ಗುಳಿ ಇದ್ದುದರಿಂದ 0.75 ಓವರ್‌ಸೈಜಿಗೆ ಹೋಗಲೇಬೇಕಾಯಿತು. ಇಲ್ಲಿ ಒಂದು ಕಿವಿಮಾತು: ಮೊದಲು ಪಿಸ್ಟನ್ ಕೊಳ್ಳಿ, ಅದನ್ನು ಬ್ಲಾಕಿನ ಜೊತೆಗೇ ಲೇತಿಗೆ ಕೊಡಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಬೇಕು. ಪೆಟ್ಟಿಗೆ ಮೇಲೆ ಬರೆದ ಅಳತೆ ನಂಬಿ ಮಾಡಬಾರದು. ಪಿಸ್ಟನ್, ರಾಡ್ ಕಿಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಕ್ರ್ಯಾಂಕನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತಿನಲ್ಲಿ ಪ್ರೆಸ್ ಮಾಡಿಸಿ, ಡಯಲ್ ಗೇಜ್ ಇಟ್ಟು ಅಲೈನ್ ಮಾಡಿಸಿದೆ. ಮನೆಯಲ್ಲಿ ಮಾಡಬಾರದ ಕೆಲಸ ಅಂದರೆ ಇದೊಂದೇ ಅನ್ನುತ್ತೇನೆ.

ಬೇರಿಂಗ್ ಕೂರಿಸುವುದು ಮಾತ್ರ ಮನೆಯಲ್ಲೇ. ಹಳೇ ಬೇರಿಂಗಿನ ಮೇಲೆ ನಂಬರು ಕೆತ್ತಿರುತ್ತದೆ, ಅದನ್ನೇ ಹಿಡಿದು ಬೇರಿಂಗ್ ಅಂಗಡಿಗೆ ಹೋದರಾಯಿತು. ಸಿ3 ಅಂತ ಕೇಳಿ ತನ್ನಿ. ಬಿಸಿಗೆ ಹಿಗ್ಗಲು ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿರುವ ಬೇರಿಂಗ್ ಅದು. ರಾತ್ರಿ ಪೂರ್ತಿ ಬೇರಿಂಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಟ್ಟೆ. ಬೆಳಿಗ್ಗೆ ಕ್ರ್ಯಾಂಕ್ ಕೇಸನ್ನು ಹಾಟ್ ಏರ್ ಗನ್ನಿನಲ್ಲಿ ಸುತ್ತಲೂ ಕಾಯಿಸಿದೆ. ಹದ ನೋಡಲು ಥರ್ಮಾಮೀಟರ್ ಬೇಕಿಲ್ಲ. ಅಮ್ಮ ದೋಸೆ ಕಾವಲಿಗೆ ನೀರು ಚಿಮುಕಿಸುತ್ತಾರಲ್ಲ, ಹಾಗೆ ಎರಡು ಹನಿ ಚಿಮುಕಿಸಿದೆ. ಚುಂಯ್ ಅಂತ ಕುಣಿದು ಆರಿತು. ತಣ್ಣಗಿದ್ದ ಬೇರಿಂಗನ್ನು ಅದರ ಜಾಗದ ಮೇಲೆ ಇಟ್ಟೆ. ಟಕ್ ಅಂತ ತಾನೇ ಇಳಿದು ಕೂತಿತು. ಸುತ್ತಿಗೆ ಮುಟ್ಟಲೇ ಇಲ್ಲ. ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಶಬ್ದ ಅದು.

ಎಂಜಿನ್ ಫ್ರೇಮಿಗೆ ಏರಿತು. ಜಾವಾದಲ್ಲಿ ಗೇರ್ ಲಿವರ್, ಕಿಕ್ಕರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಕಾರ್ಬ್ಯುರೇಟರಿನ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಉಕ್ಕಿಸಿ ಎಡಗಾಲಲ್ಲಿ ಒದ್ದೆ. ಆರನೇ ಕಿಕ್ಕಿಗೆ ಸ್ಟಾರ್ಟ್! ಮನೆಯವರೆಲ್ಲ ಹೊರಗೆ ಬಂದರು. ಮಾವನಿಗೆ ಫೋನ್ ಹಚ್ಚಿ ಸದ್ದು ಕೇಳಿಸಿದೆ.

ತೊಂದರೆ ಶುರುವಾಗಿದ್ದು ಅಲ್ಲಿಂದಲೇ. ಐದು ನಿಮಿಷ ಓಡಿ ಬಿಸಿಯಾದ ಮೇಲೆ ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕಿರುಚುತ್ತಿತ್ತು. ಪ್ಲಗ್ ತೆಗೆದರೆ ಸುಣ್ಣದ ಹಾಗೆ ಬಿಳಿ, ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಕಾರ್ಬ್ಯುರೇಟರ್ ಅಂದುಕೊಂಡೆ. ಅದು ಹಳೇ ಜಿಕಾವ್ ಕಂಪನಿಯದು. ಮೂರು ಸಲ ಬಿಚ್ಚಿ, ಹಿತ್ತಾಳೆ ಜೆಟ್ಟುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ತೊಳೆದೆ. ಜೆಟ್ ಬದಲಾಯಿಸಿದೆ. ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಗಳಿಗೆ, ಮತ್ತೆ ಮತ್ತೆ ನೋಡಿದೆ. ಕಿಡಿ ಹಾರಿಸುವ ಸ್ವಿಚ್ಚಾದ ಪಾಯಿಂಟಿನ ಗ್ಯಾಪ್ 0.4 ಮಿ.ಮೀ.ಗೆ ಇಟ್ಟು, ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಅದು ಸಡಿಲವಾಗುವ ಗಳಿಗೆಗೆ ಪಿಸ್ಟನ್ ಎಲ್ಲಿದೆ ಅಂತ ಪ್ಲಗ್ ತೂತಿನಿಂದ ಡೆಪ್ತ್ ವರ್ನಿಯರ್ ಇಳಿಸಿ ಅಳೆದೆ. ಟೈಮಿಂಗ್ ಸರಿಯಾಗೇ ಇತ್ತು. ತಿಂಗಳು ಕಳೆಯಿತು, ಎರಡಾಯಿತು.

ಕೊನೆಗೆ ಆ ಹಿರಿಯರನ್ನು ಮನೆಗೆ ಕರೆದೆ. ಗಾಡಿ ಸ್ಟಾರ್ಟ್ ಮಾಡಿಸಿ, ಕಣ್ಣುಮುಚ್ಚಿ ಒಂದು ನಿಮಿಷ ಕೇಳಿದರು. "ಗಾಳಿ ಕುಡೀತಿದೆ. ಬಲಗಡೆ ಸೀಲ್ ನೋಡು" ಅಂದರು, ಅಷ್ಟೇ.

ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಕ್ರ್ಯಾಂಕ್ ಕೂರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್ ಕೇಸೇ, ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತವಾಗಿ ಕಾರ್ಬ್ಯುರೇಟರಿನಿಂದ ಪೆಟ್ರೋಲ್, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನು ಒತ್ತಿ ಸಿಲಿಂಡರಿಗೆ ತಳ್ಳುತ್ತದೆ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ಬಿಗಿಯಾಗಿದ್ದರೆ ಮಾತ್ರ ಈ ಪಂಪು ಪಂಪು. ಎಡಗಡೆ ಕ್ಲಚ್ ಇದೆ. ಅಲ್ಲಿನ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ, ಸೈಲೆನ್ಸರ್ ಎರಡರಿಂದಲೂ ದಟ್ಟ ಹೊಗೆ. ಬಲಗಡೆ ಡೈನಮೋ. ಅಲ್ಲಿನ ಸೀಲ್ ಹೋದರೆ ಬರೀ ಗಾಳಿ ಎಳೆಯುತ್ತದೆ. ಪೆಟ್ರೋಲಿನ ಜೊತೆಗೇ ಎಣ್ಣೆಯೂ ಬರುವ ಎಂಜಿನ್ ಇದು, ಹಾಗಾಗಿ ಗಾಳಿ ಜಾಸ್ತಿಯಾದರೆ ಎಣ್ಣೆಯೂ ಕಡಿಮೆ. ಹಾಗೇ ಓಡಿಸಿದ್ದರೆ ಹೊಸ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುತ್ತಿತ್ತು.

ಪರೀಕ್ಷೆ ಮಾಡುವ ದಾರಿಯನ್ನೂ ಅವರೇ ತೋರಿಸಿದರು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು ಆ ತೂತಿಗೆ ಸೈಕಲ್ ಟ್ಯೂಬಿನ ವಾಲ್ವ್ ಬೆಸುಗೆ ಹಾಕಿದೆ. ಕಾರ್ಬ್ಯುರೇಟರ್ ಜಾಗಕ್ಕೂ, ಎರಡು ಎಕ್ಸಾಸ್ಟ್ ಬಾಯಿಗೂ ಟ್ಯೂಬಿನ ರಬ್ಬರ್ ಇಟ್ಟು ಪಟ್ಟಿ ಬಿಗಿದೆ. ಪಿಸ್ಟನ್ನನ್ನು ಪೂರ್ತಿ ಕೆಳಗೆ ಇಳಿಸಿದೆ. ಆಗ ಸಿಲಿಂಡರಿನ ಗೋಡೆಯ ಕಿಂಡಿಗಳು (ಪೋರ್ಟುಗಳು) ತೆರೆದಿದ್ದು ಸಿಲಿಂಡರಿಗೆ ಹಾಕಿದ ಗಾಳಿ ಕ್ರ್ಯಾಂಕ್ ಕೇಸಿಗೂ ಇಳಿಯುತ್ತದೆ. ಡೈನಮೋ ಬಿಚ್ಚಿ ಪಕ್ಕಕ್ಕಿಟ್ಟು ಸೈಕಲ್ ಪಂಪಿನಲ್ಲಿ ಮೆಲ್ಲಗೆ ನಾಲ್ಕು ಸಲ ಒತ್ತಿದೆ. ಐದಾರು ಪಿಎಸ್‌ಐ ಸಾಕು, ಜಾಸ್ತಿ ಹಾಕಿದರೆ ಒಳ್ಳೆಯ ಸೀಲೂ ಹಾಳಾಗುತ್ತದೆ. ಆಮೇಲೆ ಬ್ರಶ್ಶಿನಲ್ಲಿ ಸೋಪಿನ ನೀರು ಹಚ್ಚಿದೆ. ಬಲಗಡೆ ಸೀಲಿನ ಕೆಳಭಾಗದಲ್ಲಿ, ಗಡಿಯಾರದ ಐದು ಗಂಟೆಯ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಮೂರು ತಿಂಗಳ ರೋಗ ಆ ಗುಳ್ಳೆಗಳಲ್ಲಿ ಕಾಣಿಸಿತು.

ಸೀಲ್ ಎಬ್ಬಿಸಿ ನೋಡಿದರೆ ತುಟಿ ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಕೂರಿಸುವಾಗ ನಾನು ತುಟಿಗೆ ಗ್ರೀಸ್ ಹಚ್ಚಿರಲಿಲ್ಲ, ಶಾಫ್ಟಿನ ತುದಿಯಲ್ಲಿ ಕೀ ಕೂರುವ ಕಚ್ಚಿಗೆ ಟೇಪ್ ಸುತ್ತಿರಲಿಲ್ಲ. ಆ ಚೂಪು ಅಂಚೇ ರಬ್ಬರನ್ನು ಮಡಚಿದ್ದು. ಹೊಸ ಸೀಲಿಗೆ ಗ್ರೀಸ್ ಹಚ್ಚಿ, ಶಾಫ್ಟಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಬೆರಳಿನಲ್ಲೇ ಒತ್ತುತ್ತಾ ಇಳಿಸಿದೆ. ಮತ್ತೆ ಗಾಳಿ ಹಾಕಿದೆ. ಹತ್ತು ನಿಮಿಷ ಕಾದೆ. ಗುಳ್ಳೆ ಇಲ್ಲ. ಎಡಗಡೆಯನ್ನೂ ನೋಡಿಬಿಡೋಣ ಅಂತ ಗೇರ್ ಆಯಿಲ್ ತುಂಬುವ ತೂತಿಗೆ ಸೋಪಿನ ಪೊರೆ ಎಳೆದೆ. ಅದೂ ಉಬ್ಬಲಿಲ್ಲ. ಎಂಜಿನ್ ಫ್ರೇಮಿಗೆ ಏರುವ ಮೊದಲೇ ಈ ಪರೀಕ್ಷೆ ಮಾಡಿ. ಅರ್ಧ ದಿನದ ಕೆಲಸ, ನೂರು ರೂಪಾಯಿ ಖರ್ಚು.

ಟ್ಯಾಂಕಿನ ಒಳಗಿನ ತುಕ್ಕಿಗೆ ವಿನಿಗರ್ ತುಂಬಿ ಎರಡು ದಿನ ಬಿಟ್ಟೆ. ಆಮೇಲೆ ಒಂದು ಹಿಡಿ ನಟ್ಟು ಹಾಕಿ ಕುಲುಕಿದೆ. ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲ್ ಆಡಿಸಿದೆ. ಈ ಕೊನೆಯ ಹೆಜ್ಜೆಗೆ ತಡ ಮಾಡಿದರೆ ಒಂದೇ ಗಂಟೆಯಲ್ಲಿ ಮತ್ತೆ ಕೆಂಪು ತುಕ್ಕು ಏಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೇ ಮಾದರಿ ರಬ್ಬರ್ ಪೈಪು ಬೇಗ ಗಟ್ಟಿಯಾಗುತ್ತದೆ. ಎಥೆನಾಲ್ ತಡೆಯುವ ಪೈಪು ಹಾಕಿದೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡುತ್ತೇನೆ. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ಆ ನೀರು ತಳದಲ್ಲಿ ಕೂತು ಜೆಟ್ ತಿನ್ನುತ್ತದೆ.

ಕ್ರೋಮಿನ ವಿಚಾರದಲ್ಲಿ ನನ್ನದು ಬೇರೆ ಅಭಿಪ್ರಾಯ. ಹೊಸದಾಗಿ ಪ್ಲೇಟಿಂಗ್ ಮಾಡಿಸಲು ತುಂಬಾ ಜನ ಹೇಳಿದರು. ಹಾಗೆ ಮಾಡಿಸುವ ಮೊದಲು ಟ್ಯಾಂಕನ್ನು ಪಾಲಿಶ್ ಮಾಡುತ್ತಾರೆ, ತಗಡು ತೆಳ್ಳಗಾಗುತ್ತದೆ, ಅಂಚುಗಳ ಗೆರೆ ಮಾಯವಾಗುತ್ತದೆ. ನಮ್ಮೂರಿನ ಕೈಗಳು ಹಾಕಿದ ಕ್ರೋಮ್ ಅದು. ಅಲ್ಲಲ್ಲಿ ಕಪ್ಪು ಚುಕ್ಕೆ ಇದೆ, ಇರಲಿ. ಒರೆಸಿ ಮೇಣ ಹಚ್ಚಿ ಹಾಗೇ ಉಳಿಸಿಕೊಂಡೆ. ಉಳಿದ ಭಾಗಕ್ಕೆ ಮರೂನ್ ಬಣ್ಣ, ಅದರ ಮೇಲೆ ಚಿನ್ನದ ಬಣ್ಣದ ಗೆರೆ. ಆ ಗೆರೆಯನ್ನು ಸ್ಟಿಕ್ಕರಿನಲ್ಲಿ ಹಾಕಿಸಲು ಮನಸ್ಸು ಬರಲಿಲ್ಲ. ಬೋರ್ಡ್ ಬರೆಯುವ ಕಲಾವಿದರೊಬ್ಬರು ಉದ್ದ ಕೂದಲಿನ ಬ್ರಶ್ಶಿನಲ್ಲಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಎಳೆದರು. ಹತ್ತಿರ ಹೋಗಿ ನೋಡಿದರೆ ಗೆರೆ ಒಂದು ಕಡೆ ಸ್ವಲ್ಪ ದಪ್ಪ, ಒಂದು ಕಡೆ ಸಣ್ಣ. ಅದೇ ಚೆಂದ ಅಲ್ವಾ?

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವವರು ಒಂದು ವಿಷಯ ಗಮನದಲ್ಲಿಡಿ. ಆ ಬಣ್ಣದ ಪದರ ದಪ್ಪ. ಚಾಸಿ ನಂಬರಿನ ಅಕ್ಷರ ತುಂಬಿಹೋಗುತ್ತದೆ. ಆರ್‌ಟಿಒ ತಪಾಸಣೆಗೆ ಪೆನ್ಸಿಲ್ ಪ್ರಿಂಟ್ ತೆಗೆಯುವಾಗ ನಂಬರು ಕಾಣದಿದ್ದರೆ ಎಲ್ಲವೂ ಅಲ್ಲಿಗೇ ನಿಂತಿತು. ಆ ಜಾಗಕ್ಕೆ ಟೇಪ್ ಅಂಟಿಸಿ ಕೊಡಿ. ಅರ್ಥ್ ವೈರ್ ಬರುವ ಜಾಗವನ್ನೂ ಕೆರೆದು ಬರೀ ಕಬ್ಬಿಣ ಕಾಣುವ ಹಾಗೆ ಬಿಡಿ. 6 ವೋಲ್ಟಿನ ಗಾಡಿಯಲ್ಲಿ ಅರ್ಥ್ ಸ್ವಲ್ಪ ಸಡಿಲವಾದರೂ ಹೆಡ್‌ಲೈಟು ಎಣ್ಣೆ ದೀಪದ ಹಾಗಾಗುತ್ತದೆ.

ದಾಖಲೆ ಕೆಲಸ ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ, ಯಾಕೆಂದರೆ ಆರ್‌ಸಿ ಇತ್ತು. ಆರ್‌ಸಿ ಇಲ್ಲದ ಗಾಡಿಯನ್ನು ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಅನ್ವಯ. ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಆ ದಾರಿ ಹಿಡಿದರೆ ದಿನಾ ಓಡಿಸುವ ಹಾಗಿಲ್ಲ. ನನಗೆ ಈ ಗಾಡಿ ಮೇಲೆ ಊರು ಸುತ್ತಬೇಕಿತ್ತು. ಅದಕ್ಕೇ ಮಾವನಿಂದ ನನ್ನ ಹೆಸರಿಗೆ ಮಾಡಿಸಿಕೊಂಡು, ಎಲ್ಲ ಹಳೇ ಗಾಡಿಗೂ ಇರುವ ಐದು ವರ್ಷದ ನವೀಕರಣವನ್ನೇ ಮಾಡಿಸಿದೆ.

ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಖರ್ಚು ತೊಂಬತ್ತೆರಡು ಸಾವಿರ, ಅದರಲ್ಲಿ ಎಂಜಿನ್‌ಗೇ ಅರ್ಧಕ್ಕಿಂತ ಜಾಸ್ತಿ.

ಹೊಸ ಬೋರಿಗೆ ಮೊದಲು ಲೀಟರಿಗೆ 50 ಮಿ.ಲೀ. ಎಣ್ಣೆ ಬೆರೆಸಿ, ಗಂಟೆಗೆ 45 ಕಿ.ಮೀ. ದಾಟದೆ ಓಡಿಸಿದೆ. ಚಾಮುಂಡಿ ಬೆಟ್ಟ ಹತ್ತಿಸಲಿಲ್ಲ, ಹಿಂದೆ ಯಾರನ್ನೂ ಕೂರಿಸಲಿಲ್ಲ. ಹುಣಸೂರು ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೊರಟು, ಬಿಳಿಕೆರೆ ಹತ್ತಿರ ನಿಲ್ಲಿಸಿ ಟೀ ಕುಡಿದು, ಎಂಜಿನ್ ಆರಿದ ಮೇಲೆ ವಾಪಸ್. ಮೊನ್ನೆ ಎಂಟುನೂರು ಕಿ.ಮೀ. ಮುಗಿಯಿತು. ಮನೆಗೆ ಬಂದು ಪ್ಲಗ್ ಬಿಚ್ಚಿದೆ. ಹುರಿದ ಕಾಫಿ ಬೀಜದ ಬಣ್ಣ, ಅಂದರೆ ಹದ ಸರಿಯಿದೆ. ಇನ್ನು ಎಣ್ಣೆಯನ್ನು 40 ಮಿ.ಲೀ.ಗೆ ಇಳಿಸಬಹುದು. ಬರುವ ಭಾನುವಾರ ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದೇನೆ. ಟೂಲ್ ಬಾಕ್ಸಿನಲ್ಲಿ ಎರಡು ಪ್ಲಗ್, ಒಂದು ಸೆಟ್ ಪಾಯಿಂಟ್, ಬಲಗಡೆಯ ಒಂದು ಸೀಲ್, ಒಂದು ಚಿಕ್ಕ ಡಬ್ಬಿ ಗ್ರೀಸ್ ಇಟ್ಟಿದ್ದೇನೆ.