ಗುರಾಣಿ ಕಳೆದರೆ ಒಂದು ಡ್ರಾಕ್ಮಾ ದಂಡ

ಪ್ರಾಚೀನ ಗ್ರೀಸ್‌ನ ಯುದ್ಧಗಳನ್ನು ಇಟ್ಟುಕೊಂಡು ನಾವು ಕೆಲವು ಗೆಳೆಯರು ಒಂದು ಸ್ಟ್ರಾಟಜಿ ಗೇಮ್ ಕಟ್ಟುತ್ತಿದ್ದೇವೆ. ಕೋಡ್ ಒಬ್ಬರದು, ತ್ರೀಡಿ ಮಾಡೆಲ್ ಇನ್ನೊಬ್ಬರದು. ನನ್ನ ಪಾಲಿಗೆ ಬಂದದ್ದು ಯೂನಿಟ್‌ಗಳು. ಯಾವ ಸೈನಿಕ ಏನು ತೊಟ್ಟಿರಬೇಕು, ಕೈಯಲ್ಲಿ ಏನಿರಬೇಕು, ಅವನನ್ನು ಪಡೆಯಲು ಆಟಗಾರ ಎಷ್ಟು ಖರ್ಚು ಮಾಡಬೇಕು ಎಂದು ಹುಡುಕಿ ಬರೆದುಕೊಡುವುದು ನನ್ನ ಕೆಲಸ. ನಾನು ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಹೇಳುತ್ತೇನೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ದಾರಿ ಸ್ವಲ್ಪ ಸುಲಭವಾಗಬಹುದು.

ಮೊದಲು ಕಾಲ ಗಟ್ಟಿ ಮಾಡಿಕೊಳ್ಳಬೇಕು. ಸುಮ್ನೆ ‘ಗ್ರೀಕ್ ಸೈನಿಕ’ ಎಂದರೆ ಯಾರು? ಕ್ರಿ.ಪೂ. 490ರಲ್ಲಿ ಮ್ಯಾರಥಾನ್‌ನಲ್ಲಿ ನಿಂತ ಅಥೆನ್ಸ್‌ನವನಿಗೂ, ಕ್ರಿ.ಪೂ. 197ರಲ್ಲಿ ಸೈನೋಸೆಫಾಲಿಯಲ್ಲಿ ರೋಮನ್ನರಿಗೆ ಸೋತ ಮ್ಯಾಸಿಡೋನಿಯಾದವನಿಗೂ ನಡುವೆ ಸುಮಾರು ಮುನ್ನೂರು ವರ್ಷ. ಈಟಿ ಬೇರೆ, ಗುರಾಣಿ ಬೇರೆ, ನಿಲ್ಲುವ ರೀತಿಯೇ ಬೇರೆ. ಹಾಗಾಗಿ ಪ್ರತಿ ಯೂನಿಟ್‌ಗೂ ಒಂದು ಹಾಳೆ ಮಾಡಿದೆ. ಮೇಲೆ ವರ್ಷ, ಊರು. ಕೆಳಗೆ ಪ್ರತಿ ವಸ್ತುವಿನ ಮುಂದೆ ಅದರ ಆಧಾರ: ನೆಲದಿಂದ ತೆಗೆದ ವಸ್ತುವೋ, ಚಿತ್ರವೋ, ಬರಹವೋ. ಮೂರೂ ಒಂದನ್ನೊಂದು ಒಪ್ಪಿದರೆ ಹಸಿರು ಗುರುತು. ಒಂದೇ ಇದ್ದರೆ ಹಳದಿ. ಏನೂ ಇಲ್ಲದಿದ್ದರೆ ಆ ವಸ್ತು ಗೇಮ್‌ಗೆ ಬರುವುದಿಲ್ಲ, ಎಷ್ಟೇ ಚೆನ್ನಾಗಿ ಕಂಡರೂ ಸರಿ.

ಇದಕ್ಕೆಲ್ಲ ಗ್ರೀಸ್‌ಗೆ ಹೋಗಬೇಕಾಗಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಸಂಗ್ರಹವನ್ನು ಅಳತೆ ಸಮೇತ ಆನ್‌ಲೈನ್‌ನಲ್ಲಿ ಇಟ್ಟಿವೆ. ಅಥೆನ್ಸ್‌ನ ಅಗೋರಾ (ಹಳೆಯ ಪೇಟೆಯ ಬಯಲು) ಉತ್ಖನನದ ದಾಖಲೆಗಳೂ ತೆರೆದಿವೆ. ಮೂಲ ಗ್ರಂಥಗಳು, ಅವುಗಳ ಇಂಗ್ಲಿಷ್ ಅನುವಾದಗಳು ಪರ್ಸಿಯಸ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತವೆ.

ನಾನು ಶುರು ಮಾಡಿದ್ದು ಗುರಾಣಿಯಿಂದ. ಅಗೋರಾ ಮ್ಯೂಸಿಯಂನಲ್ಲಿ ಒಂದು ಸ್ಪಾರ್ಟಾ ಗುರಾಣಿ ಇದೆ. ಮರ ಕೊಳೆತು ಹೋಗಿ ಕಂಚಿನ ಹೊದಿಕೆ ಮಾತ್ರ ಉಳಿದಿದೆ, ಅದೂ ನಜ್ಜುಗುಜ್ಜಾಗಿ. ಅಗಲ ಒಂದು ಕಡೆ 95 ಸೆಂ.ಮೀ., ಇನ್ನೊಂದು ಕಡೆ 83. ಅಂಚಿನ ಸುತ್ತ ಹೆಣೆದ ಹಗ್ಗದಂಥ ಉಬ್ಬು ಕೆಲಸ. ಅದರ ಮೇಲೆ ಚುಚ್ಚಿ ಬರೆದ ಸಾಲು ಹೀಗಿದೆ: ಅಥೆನ್ಸ್‌ನವರು, ಲ್ಯಾಸಿಡಿಮೋನಿಯನ್ನರಿಂದ, ಪೈಲೋಸ್‌ನಿಂದ. ಅಂದರೆ ಅಥೆನ್ಸ್‌ನವರು ಸ್ಪಾರ್ಟಾದವರಿಂದ ಕಿತ್ತುಕೊಂಡದ್ದು. ಕ್ರಿ.ಪೂ. 425ರಲ್ಲಿ ಪೈಲೋಸ್ ಎದುರಿನ ದ್ವೀಪದಲ್ಲಿ ಸ್ಪಾರ್ಟಾದ ಪಡೆ ಶರಣಾಯಿತು, 292 ಜನ ಜೀವಂತ ಸಿಕ್ಕಿದರು ಎಂದು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಅವರಲ್ಲಿ ಯಾರದೋ ಕೈಯಲ್ಲಿದ್ದ ಗುರಾಣಿ ಇದು. ವರ್ಷ, ಊರು, ಯುದ್ಧ, ಅಳತೆ, ಅಲಂಕಾರ ಎಲ್ಲವೂ ಒಂದೇ ವಸ್ತುವಿನಲ್ಲಿ! ನನ್ನ ಮೊದಲ ಹಸಿರು ಗುರುತು ಇದಕ್ಕೇ ಬಿತ್ತು. ಆ ಅಂಚಿನ ವಿನ್ಯಾಸವನ್ನು ನಮ್ಮ ಟೆಕ್ಸ್ಚರ್‌ನಲ್ಲಿ ಹಾಗೇ ಬಿಡಿಸಿದ್ದೇವೆ.

ಒಳಗಿನ ಮರಕ್ಕೆ ಬೇರೆ ಕಡೆ ನೋಡಬೇಕಾಯಿತು. ವ್ಯಾಟಿಕನ್‌ನಲ್ಲಿ ಇರುವ ಒಂದು ಎಟ್ರುಸ್ಕನ್ (ಪ್ರಾಚೀನ ಇಟಲಿಯ ಜನರ) ಗುರಾಣಿಯಲ್ಲಿ ಮರ ಉಳಿದಿದೆ. ಪಾಪ್ಲರ್ ಮರದ ಹಲಗೆ, ಹೊರಗೆ ತೆಳುವಾದ ಕಂಚು, ಒಳಗೆ ತೆಳು ಚರ್ಮ. ನಡುವೆ ಮುಂಗೈ ತೂರಿಸುವ ಪಟ್ಟಿ, ಅಂಚಿನ ಹತ್ತಿರ ಹಿಡಿಕೆ. ಇಂಥ ಗುರಾಣಿ ಆರರಿಂದ ಎಂಟು ಕೆ.ಜಿ. ತೂಗುತ್ತಿತ್ತು. ಪಟ್ಟಿ ನಡುವೆ ಇರುವುದರಿಂದ ಗುರಾಣಿಯ ಎಡ ಅರ್ಧ ಹೊತ್ತವನ ದೇಹದಿಂದ ಆಚೆ ಚಾಚಿಕೊಳ್ಳುತ್ತದೆ. ಕ್ರಿ.ಪೂ. 418ರ ಮ್ಯಾಂಟಿನಿಯಾ ಯುದ್ಧ ಹೇಳುವಾಗ ಥುಸಿಡಿಡೀಸ್ ಒಂದು ಮಾತು ಸೇರಿಸುತ್ತಾನೆ. ಪ್ರತಿಯೊಬ್ಬನೂ ತನ್ನ ಬಲಗಡೆ ಬಯಲಾಗದಿರಲಿ ಎಂದು ಪಕ್ಕದವನ ಗುರಾಣಿಯ ಮರೆಗೆ ಸರಿಯುತ್ತಾನೆ, ಹಾಗಾಗಿ ಇಡೀ ಸೈನ್ಯವೇ ಬಲಕ್ಕೆ ಜರುಗುತ್ತದೆ. ನಮ್ಮ ಗೇಮ್‌ನಲ್ಲಿ ಹಾಪ್ಲೈಟ್ (ದೊಡ್ಡ ಗುರಾಣಿ, ಈಟಿ ಹಿಡಿದ ಕಾಲಾಳು) ಸಾಲು ಮುನ್ನುಗ್ಗುವಾಗ ತಾನಾಗಿ ಬಲಕ್ಕೆ ವಾಲುತ್ತದೆ. ಬಲಗಡೆಯಿಂದ ಹೊಡೆದರೆ ಪೆಟ್ಟು ಜಾಸ್ತಿ. ಆಟಗಾರರು ಇದನ್ನು ಬಗ್ ಎಂದುಕೊಳ್ಳುತ್ತಾರೇನೋ ಎಂದು ಕೋಡ್ ಬರೆಯುವ ಗೆಳೆಯ ಕೇಳಿದ. ಆ ಪುಟ ಓದಿಸಿದೆ. ಮರುದಿನವೇ ಅದನ್ನು ಸೇರಿಸಿಬಿಟ್ಟ.

ಮಡಕೆಗಳ ಮೇಲಿನ ಚಿತ್ರಗಳು ಸಮೃದ್ಧ, ಆದರೆ ಎಚ್ಚರಿಕೆಯಿಂದ ಓದಬೇಕು. ಬರಿಮೈಯಲ್ಲಿ ಹೆಲ್ಮೆಟ್ ತೊಟ್ಟು ಹೋರಾಡುವ ವೀರರು ಅಲ್ಲಿ ತುಂಬಾ. ಅದು ಚಿತ್ರಕಾರ ವೀರನಿಗೆ ಕೊಟ್ಟ ಗೌರವ, ರಣರಂಗದ ವರದಿ ಅಲ್ಲ. ಪಟ್ಟಿ ಎಲ್ಲಿ ಕಟ್ಟಿದ್ದಾರೆ, ಈಟಿ ಎಲ್ಲಿ ಹಿಡಿದಿದ್ದಾರೆ ಎಂಬಂಥ ಸಣ್ಣ ವಿವರಗಳಿಗೆ ಮಾತ್ರ ನಾನು ಅವನ್ನು ನಂಬುತ್ತೇನೆ.

ಗುರಾಣಿಯ ಗುರುತುಗಳ ವಿಷಯದಲ್ಲಿ ಎಲ್ಲರೂ ಕೇಳುವುದು ಸ್ಪಾರ್ಟಾದ ಲ್ಯಾಂಬ್ಡಾ, ಅಂದರೆ ಗ್ರೀಕಿನ ‘ಲ’ ಅಕ್ಷರ. ಅದರ ಆಧಾರ ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗದ ನಾಟಕಕಾರ ಯೂಪೊಲಿಸ್‌ನದು ಎನ್ನುವ ಒಂದು ತುಣುಕು. ಹಾಗಾಗಿ ಅದೇ ಕಾಲದ, ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧದ ಯೂನಿಟ್‌ಗೆ ಲ್ಯಾಂಬ್ಡಾ ಕೊಟ್ಟೆ, ಅದಕ್ಕೂ ಹಿಂದಿನ, ಕ್ರಿ.ಪೂ. 480ರ ಥರ್ಮೊಪಿಲೆಯ ಯೂನಿಟ್‌ಗೆ ಕೊಡಲಿಲ್ಲ. ಥೀಬ್ಸ್‌ಗೆ ಗದೆ, ಸಿಕಿಯಾನ್‌ಗೆ ಸಿಗ್ಮಾ (‘ಸ’). ಎರಡೂ ಅಥೆನ್ಸ್‌ನ ಸೈನಿಕ, ಲೇಖಕ ಜೆನೋಫನ್ ಬರೆದದ್ದು. ಸ್ಪಾರ್ಟಾದವರ ಕೆಂಪು ಬಟ್ಟೆಗೂ ಅವನೇ ಸಾಕ್ಷಿ.

ಕವಚ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟಿತು. ಕಂಚಿನ ಕವಚಗಳು ಸಿಕ್ಕಿವೆ. 1953ರಲ್ಲಿ ಆರ್ಗೋಸ್‌ನ ಗೋರಿಯಲ್ಲಿ ಸಿಕ್ಕಿದ್ದು ಕ್ರಿ.ಪೂ. 8ನೇ ಶತಮಾನದ ಕೊನೆಯದು. ಆದರೆ ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವ ಇನ್ನೊಂದು ಕವಚವಿದೆ: ಎದೆಗೆ ಸುತ್ತಿ, ಹೆಗಲ ಮೇಲಿಂದ ಎರಡು ಪಟ್ಟಿ ಮುಂದಕ್ಕೆ ಎಳೆದು ಕಟ್ಟುವಂಥದು. ಅದು ಲಿನನ್ ಬಟ್ಟೆಯದೋ, ಚರ್ಮದ್ದೋ? ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗ್ರೆಗರಿ ಆಲ್ಡ್ರೆಟ್ ಮತ್ತು ಅವರ ವಿದ್ಯಾರ್ಥಿಗಳು ಲಿನನ್ ಪದರಗಳನ್ನು ಅಂಟಿಸಿ ಕವಚ ಮಾಡಿ, ಬಾಣ ಬಿಟ್ಟು ಪರೀಕ್ಷಿಸಿದರು. ಅದು ಚೆನ್ನಾಗಿ ತಡೆಯಿತು. ಆದರೆ ಗ್ರೀಕರು ಅಂಟು ಬಳಸುತ್ತಿದ್ದರೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ನನಗೆ ಚರ್ಮದ ಕಡೆಯ ವಾದ ಹೆಚ್ಚು ಗಟ್ಟಿ ಅನಿಸುತ್ತದೆ. 1977ರಲ್ಲಿ ಮನೋಲಿಸ್ ಆಂಡ್ರೊನಿಕೋಸ್ ವರ್ಜಿನಾದ ಮ್ಯಾಸಿಡೋನಿಯಾ ರಾಜಗೋರಿಯಲ್ಲಿ ಇದೇ ಆಕಾರದ ಕಬ್ಬಿಣದ ಕವಚ ತೆಗೆದರು. ಅಂದರೆ ಆಕಾರ ಒಂದೇ ಇದ್ದರೂ ವಸ್ತು ಬೇರೆಬೇರೆ ಇರಬಹುದಿತ್ತು, ಅಲ್ವಾ? ನಾವು ಒಂದೇ ಮಾಡೆಲ್‌ಗೆ ಮೂರು ಮೇಲ್ಮೈ ಮಾಡಿದೆವು. ಚರ್ಮ ಮತ್ತು ಲಿನನ್‌ಗೆ ಒಂದೇ ರಕ್ಷಣೆಯ ಅಂಕ. ಕಬ್ಬಿಣ ಮ್ಯಾಸಿಡೋನಿಯಾದ ರಾಜನಿಗೆ ಮಾತ್ರ.

ಇನ್ನು ಬೆಲೆ. ಗೇಮ್‌ಗಳಲ್ಲಿ ಇದನ್ನು ಸಾಮಾನ್ಯವಾಗಿ ಆಟದ ಸಮತೋಲಕ್ಕೆ ತಕ್ಕಂತೆ ಯಾರೋ ಕೂತು ನಿಗದಿ ಮಾಡುತ್ತಾರೆ. ನನಗೆ ಆಂಫಿಪೊಲಿಸ್‌ನ ಒಂದು ಶಾಸನ ಸಿಕ್ಕಿತು. ಮ್ಯಾಸಿಡೋನಿಯಾದ ರಾಜ ಐದನೇ ಫಿಲಿಪ್‌ನ ಕಾಲದ ಸೈನ್ಯದ ನಿಯಮಗಳು, ಕ್ರಿ.ಪೂ. 200ರ ಆಸುಪಾಸಿನವು. ಸೈನಿಕನ ಬಳಿ ಯಾವ ವಸ್ತು ಇಲ್ಲದಿದ್ದರೆ ಎಷ್ಟು ದಂಡ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಕೊತ್ತಿಬೋಸ್ ಎಂಬ ಮೈರಕ್ಷೆಗೆ 2 ಆಬಲ್ (ಆಬಲ್, ಡ್ರಾಕ್ಮಾ ಎರಡೂ ಗ್ರೀಕರ ನಾಣ್ಯಗಳು). ಶಂಕುವಿನಾಕಾರದ ಹೆಲ್ಮೆಟ್‌ಗೂ ಅಷ್ಟೇ. ಸರಿಸಾ ಎಂಬ ಉದ್ದದ ಈಟಿಗೆ 3, ಕತ್ತಿಗೆ 3, ಕಾಲಿನ ಕವಚಕ್ಕೆ 2. ಗುರಾಣಿಗೆ ಒಂದು ಡ್ರಾಕ್ಮಾ, ಅಂದರೆ 6 ಆಬಲ್. ಅಧಿಕಾರಿಗಳಿಗೆ ಎಲ್ಲವೂ ಎರಡರಷ್ಟು. ಜೊತೆಗೆ ಅವರ ಎದೆಕವಚಕ್ಕೆ 2 ಡ್ರಾಕ್ಮಾ, ಅರ್ಧ ಕವಚಕ್ಕೆ ಒಂದು.

ಇದು ಅಂಗಡಿಯ ಬೆಲೆಪಟ್ಟಿ ಅಲ್ಲ, ದಂಡದ ಪಟ್ಟಿ. ಆದರೂ ಸೈನ್ಯ ಯಾವುದಕ್ಕೆ ಎಷ್ಟು ತೂಕ ಕೊಡುತ್ತಿತ್ತು ಎಂಬುದು ಇಲ್ಲಿ ನೇರವಾಗಿ ಕಾಣುತ್ತದೆ. ಇಷ್ಟು ಓದಿದಾಗ ನನಗೆ ಆದ ಖುಷಿ ಹೇಳತೀರದು. ಸಾಮಾನ್ಯ ಸೈನಿಕನ ಲೆಕ್ಕ ಕೂಡಿದರೆ 18 ಆಬಲ್, ಅದರಲ್ಲಿ ಮೂರನೇ ಒಂದು ಪಾಲು ಬರೀ ಗುರಾಣಿ. ನಮ್ಮ ಮ್ಯಾಸಿಡೋನಿಯಾ ಪಡೆಯ ಖರ್ಚನ್ನು ಈ ಅನುಪಾತದಲ್ಲೇ ಇಟ್ಟೆವು. ಇನ್ನೂ ಮುಖ್ಯವಾದದ್ದು, ದೊಡ್ಡ ಎದೆಕವಚ ಅಧಿಕಾರಿಗಳಿಗೆ ಮಾತ್ರ ಬರುತ್ತದೆ. ಹಾಗಾಗಿ ಒಂದೇ ಯೂನಿಟ್‌ನಲ್ಲಿ ಎರಡು ಮಾಡೆಲ್. ಅಧಿಕಾರಿಗಳು ನಿಲ್ಲುವ ಮುಂದಿನ ಸಾಲಿಗೆ ಲೋಹದ ಕವಚ, ಹಿಂದಿನವರಿಗೆ ಹಗುರ ಮೈರಕ್ಷೆ. ಮುಂದಿನ ಸಾಲು ಬಿದ್ದರೆ ಇಡೀ ಯೂನಿಟ್‌ನ ರಕ್ಷಣೆ ಥಟ್ಟನೆ ಇಳಿಯುತ್ತದೆ.

ಈ ಪಡೆಯ ಹೊಡೆತದ ಲೆಕ್ಕ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನಿಂದ ಬಂತು. ಅವನ ಪ್ರಕಾರ ಸರಿಸಾ 14 ಮೊಳ, ಆರು ಮೀಟರಿಗೂ ಮೇಲೆ. ಹಿಡಿಯಲು ಮತ್ತು ಹಿಂದಿನ ಭಾರಕ್ಕೆ 4 ಮೊಳ ಹೋದರೆ, 10 ಮೊಳ ಮುಂದೆ ಚಾಚುತ್ತದೆ. ಸಾಲುಗಳ ನಡುವೆ 2 ಮೊಳ ಅಂತರ. ಹಾಗಾಗಿ ಮೊದಲ ಐದು ಸಾಲಿನ ಮೊನೆಗಳು ಮುಂಭಾಗದಿಂದ ಆಚೆ ಬರುತ್ತವೆ. ಆರನೇ ಸಾಲಿನಿಂದ ಈಟಿಗಳನ್ನು ಮೇಲಕ್ಕೆ ಓರೆಯಾಗಿ ಹಿಡಿದು, ಎಸೆದ ಆಯುಧಗಳನ್ನು ತಡೆಯುತ್ತಾರೆ. ರೋಮನ್ ಸೈನಿಕ ಇವರ ಎರಡರಷ್ಟು ಜಾಗ ಹಿಡಿದು ನಿಲ್ಲುವುದರಿಂದ ಒಬ್ಬೊಬ್ಬನ ಎದುರು ಹತ್ತು ಮೊನೆ. ಈ ಅಂಕಿಗಳು ಸೂತ್ರಕ್ಕೆ ನೇರ ಹೋದವು. ನೆಲ ಸಮವಾಗಿಲ್ಲದಿದ್ದರೆ ಸಾಲು ಒಡೆಯುತ್ತದೆ ಎನ್ನುವುದನ್ನೂ ಅವನೇ ಒತ್ತಿ ಹೇಳುತ್ತಾನೆ. ನಮ್ಮಲ್ಲಿ ಗುಡ್ಡ, ಹಳ್ಳದ ಮೇಲೆ ಆ ಹತ್ತು ಮೊನೆ ಬೇಗ ಕರಗುತ್ತದೆ.

ಬಣ್ಣಕ್ಕೆ ಥೆಸಲೋನಿಕಿ ಹತ್ತಿರದ ಅಗಿಯೋಸ್ ಅಥನಾಸಿಯೋಸ್ ಗೋರಿಯ ಚಿತ್ರಗಳು, ಇಸ್ತಾಂಬುಲ್‌ನಲ್ಲಿರುವ ಅಲೆಕ್ಸಾಂಡರ್ ಶವಪೆಟ್ಟಿಗೆಯ ಮೇಲಿನ ಬಣ್ಣದ ಉಳಿಕೆ ಸಾಕಾದವು.

ಈಗ ಕೈಯಲ್ಲಿರುವುದು ರೋಡ್ಸ್‌ನ ಕವಣೆಗಾರರ ಹಾಳೆ. ಕ್ರಿ.ಪೂ. 401ರಲ್ಲಿ ಜೆನೋಫನ್ ಅವರಲ್ಲಿ 200 ಜನರನ್ನು ಸೇರಿಸಿಕೊಂಡ. ಪರ್ಷಿಯನ್ನರು ಕೈತುಂಬುವ ಕಲ್ಲು ಬೀಸುತ್ತಿದ್ದರು, ಇವರು ಸೀಸದ ಗುಂಡು. ದೂರ ಎರಡರಷ್ಟು ಎನ್ನುತ್ತಾನೆ. ಅಂಥ ಗುಂಡುಗಳು ಮ್ಯೂಸಿಯಂಗಳಲ್ಲಿ ಬೇಕಾದಷ್ಟಿವೆ. ಕೆಲವದರ ಮೇಲೆ ‘ತಗೋ’ ಎಂದು ಗ್ರೀಕಿನಲ್ಲಿ ಬರೆದಿದೆ. ಬರಹ, ವಸ್ತು ಎರಡೂ ಸಿಕ್ಕಿವೆ. ಕವಣೆಯ ಹಗ್ಗದ ಉದ್ದ ತೋರಿಸುವ ಒಳ್ಳೆಯ ಚಿತ್ರವೊಂದನ್ನು ಹುಡುಕುತ್ತಿದ್ದೇನೆ.