ಕೊಲೆಗಾರನನ್ನು ಹುಡುಕುತ್ತಾ, ದೆವ್ವಕ್ಕೆ ಕಾಯುತ್ತಾ

ಕಳೆದ ಜುಲೈ ಪೂರ್ತಿ ನಾನು ಪತ್ತೇದಾರಿ ಮತ್ತು ಹಾರರ್ ಕಾದಂಬರಿಗಳನ್ನು ಬಿಟ್ಟು ಬೇರೇನೂ ಓದಲಿಲ್ಲ. ನಮ್ಮ ಮಲೆನಾಡಿನಲ್ಲಿ ಆ ತಿಂಗಳು ಮಳೆ ಹಿಡಿದರೆ ಬಿಡುವುದಿಲ್ಲ. ಸಂಜೆ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ. ಇಂಥ ಓದಿಗೆ ಇದಕ್ಕಿಂತ ಒಳ್ಳೆಯ ಕಾಲ ಸಿಗುವುದಿಲ್ಲ.

ಪುಸ್ತಕದಂಗಡಿಯಲ್ಲಿ ಈ ಎರಡು ಬಗೆಯನ್ನೂ ಒಂದೇ ಕಪಾಟಿನಲ್ಲಿ ಇಟ್ಟಿರುತ್ತಾರೆ. ಆದರೆ ಬೆನ್ನುಬೆನ್ನಿಗೆ ಓದಿದಾಗ ಗೊತ್ತಾಗುತ್ತದೆ, ಇವನ್ನು ಓದುವ ರೀತಿಯೇ ಬೇರೆ ಬೇರೆ. ಪತ್ತೇದಾರಿಯಲ್ಲಿ ಓದುವವರು ಹುಡುಕಬೇಕು. ಹಾರರ್‌ನಲ್ಲಿ ಕಾಯಬೇಕು. ಇದನ್ನು ಅದಲುಬದಲು ಮಾಡಿದರೆ ಎರಡೂ ಸಪ್ಪೆಯಾಗುತ್ತವೆ. ಅದಕ್ಕೇ ನಾನು ಒಂದು ಕೊಲೆಯ ಪುಸ್ತಕ ಆದಮೇಲೆ ಒಂದು ಭಯದ ಪುಸ್ತಕ, ಹೀಗೆ ಸರದಿ ಹಾಕಿಕೊಂಡೆ.

ಶುರು ಮಾಡಿದ್ದು ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ನಿಂದ. 1868ರ ಕಾದಂಬರಿ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಬೇರು ಹುಡುಕುವವರೆಲ್ಲ ಇದರ ಹತ್ತಿರ ಬಂದೇ ಬರುತ್ತಾರೆ. ನಮಗೆ ಇದರಲ್ಲಿ ಇನ್ನೊಂದು ಆಸಕ್ತಿ ಇದೆ. ಕತೆ ಶುರುವಾಗುವುದೇ ಶ್ರೀರಂಗಪಟ್ಟಣದಲ್ಲಿ, 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ದಿನ. ಆ ಗಲಾಟೆಯಲ್ಲಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಹಳದಿ ವಜ್ರವೊಂದನ್ನು ಲೂಟಿ ಮಾಡುತ್ತಾನೆ. ಅದರ ಜೊತೆಗೆ ರಕ್ತವೂ ಅಂಟಿಕೊಳ್ಳುತ್ತದೆ. ಎಷ್ಟೋ ವರ್ಷ ಕಳೆದ ಮೇಲೆ ಯಾರ್ಕ್‌ಷೈರ್‌ನ ಮನೆಯೊಂದರಲ್ಲಿ ಆ ವಜ್ರ ಒಬ್ಬ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಕದ್ದ ಮಾಲು ಇನ್ನೊಮ್ಮೆ ಕಳುವಾಗುವ ಕತೆ ಇದು. ಮೊದಲನೆಯ ಕಳ್ಳತನ ನಡೆದದ್ದು ನಮ್ಮ ಕಾವೇರಿ ದಂಡೆಯಲ್ಲಿ ಅನ್ನುವುದನ್ನು ನಾನು ಕೊನೆವರೆಗೂ ಮರೆಯಲಿಲ್ಲ.

ಈ ಕತೆಯನ್ನು ಹಲವರು ಹೇಳುತ್ತಾರೆ. ಮನೆಯ ಹಳೆಯ ಬಟ್ಲರ್, ಬಡ ನೆಂಟಳೊಬ್ಬಳು, ವಕೀಲ, ಹೀಗೆ. ಪ್ರತಿಯೊಬ್ಬರೂ ತಾವು ಇದ್ದ ಕಡೆ ನಡೆದದ್ದನ್ನು ಬರೆಯುತ್ತಾರೆ. ಹಾಗಾಗಿ ಒಂದು ನೋಟ್‌ಬುಕ್‌ನಲ್ಲಿ ಎರಡು ಸಾಲು ಎಳೆದುಕೊಂಡೆ. ಒಂದರಲ್ಲಿ ‘ಕಂಡಿದ್ದು’, ಇನ್ನೊಂದರಲ್ಲಿ ‘ಕೇಳಿದ್ದು’. ಇವರೇ ಕಣ್ಣಾರೆ ನೋಡಿದ್ದೆಷ್ಟು, ಬೇರೆಯವರ ಬಾಯಿಂದ ಬಂದದ್ದೆಷ್ಟು ಅಂತ ಬೇರೆ ಬೇರೆ ಬರೆಯುತ್ತಾ ಹೋದೆ. ಈ ಸಣ್ಣ ಕೆಲಸ ಓದನ್ನೇ ಬದಲಾಯಿಸಿತು. ನಾವು ಖಚಿತ ಅಂದುಕೊಂಡ ಎಷ್ಟೋ ಸಂಗತಿ ‘ಕೇಳಿದ್ದು’ ಸಾಲಿನಲ್ಲೇ ಕೂತಿರುತ್ತದೆ. ಆಮೇಲೆ ಓದಿದ ಎಲ್ಲ ಪತ್ತೇದಾರಿ ಪುಸ್ತಕಕ್ಕೂ ಇದನ್ನೇ ಮಾಡಿದೆ.

‘ದಿ ಮೂನ್‌ಸ್ಟೋನ್’ನಲ್ಲಿ ಬರುವ ಪತ್ತೇದಾರ ಸಾರ್ಜೆಂಟ್ ಕಫ್. ಬಾಗಿಲಿನ ಹಸಿ ಬಣ್ಣ ಒಂದು ಕಡೆ ಒರೆಸಿಹೋಗಿರುತ್ತದೆ. ಅವನಿಗಿಂತ ಮೊದಲು ಬಂದ ಪೊಲೀಸ್ ಅಧಿಕಾರಿ ಅದು ಲೆಕ್ಕಕ್ಕಿಲ್ಲ ಅಂತ ಬಿಟ್ಟಿರುತ್ತಾನೆ. ಕಫ್ ಮಾತ್ರ ಆ ಬಣ್ಣ ಯಾರ ಬಟ್ಟೆಗೆ ತಾಗಿತು ಅಂತ ಕೇಳುತ್ತಾನೆ. ಈ ಬಟ್ಟೆಯ ವಿಷಯದ ಹಿಂದೆ ನಿಜವಾದ ಘಟನೆಯೊಂದಿದೆ. 1860ರಲ್ಲಿ ಇಂಗ್ಲೆಂಡಿನ ರೋಡ್ ಹಿಲ್ ಹೌಸ್ ಎಂಬ ಮನೆಯಲ್ಲಿ ಪುಟ್ಟ ಮಗುವಿನ ಕೊಲೆಯಾಯಿತು. ಸ್ಕಾಟ್ಲೆಂಡ್ ಯಾರ್ಡ್‌ನ ಪತ್ತೇದಾರ ಜೊನಾಥನ್ ವಿಚರ್ ಕಾಣೆಯಾದ ಒಂದು ನೈಟ್‌ಗೌನಿನ ಜಾಡು ಹಿಡಿದು, ಮಗುವಿನ ಅಕ್ಕ ಕಾನ್‌ಸ್ಟನ್ಸ್ ಕೆಂಟ್ ಮೇಲೆ ಅನುಮಾನಪಟ್ಟ. ಒಳ್ಳೆಯ ಮನೆತನದ ಹುಡುಗಿಯ ಮೇಲೆ ಆರೋಪ ಹೊರಿಸಿದ ಅಂತ ಜನ ಅವನನ್ನೇ ಬೈದರು. 1865ರಲ್ಲಿ ಅವಳೇ ಬಂದು ತಪ್ಪೊಪ್ಪಿಕೊಂಡಳು. ಕಾದಂಬರಿ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಕಫ್‌ನನ್ನು ಓದುವಾಗ ವಿಚರ್‌ಗೆ ಆದ ಅನ್ಯಾಯ ಗೊತ್ತಿದ್ದರೆ ಆ ಪುಟಗಳ ತೂಕ ಹೆಚ್ಚುತ್ತದೆ.

ಆ ದಿನಗಳಲ್ಲಿ ನಮ್ಮ ಸೋದರತ್ತೆ ಮನೆಗೆ ಬಂದಿದ್ದರು. ಅವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದ ಓದುಗರು. ಬಾಡಿಗೆ ಲೈಬ್ರರಿಯಿಂದ ತಂದು, ಮರುದಿನದ ಬಾಡಿಗೆ ಬೀಳುವ ಮೊದಲು ಓದಿ ಮುಗಿಸಿ ಕೊಡುತ್ತಿದ್ದರಂತೆ. ನರಸಿಂಹಯ್ಯನವರು ಅಂಥ ಪುಸ್ತಕಗಳನ್ನು ನೂರಾರು ಬರೆದರು. ಕನ್ನಡದಲ್ಲಿ ಓದುವ ಅಭ್ಯಾಸ ಹತ್ತಿಸಿದವರಲ್ಲಿ ಅವರ ಹೆಸರನ್ನು ನಾವು ಇನ್ನೂ ಗಟ್ಟಿಯಾಗಿ ಹೇಳಬೇಕು. ನನ್ನ ನೋಟ್‌ಬುಕ್ ನೋಡಿ ಅತ್ತೆ ಕೇಳಿದರು, “ಇಷ್ಟೆಲ್ಲ ಯಾಕೆ ಬರೀತೀಯೇ? ನಾನಂತೂ ಮೊದಲು ಕೊನೇ ಪುಟ ನೋಡ್ಬಿಡ್ತಿದ್ದೆ.”

“ಹಾಗಾದ್ರೆ ಮಜಾ ಏನು ಅತ್ತೆ?”

“ಕೊಂದವನು ಯಾರು ಅಂತ ಗೊತ್ತಾದ್ರೆ, ಅವನು ಹೇಗೆ ಬಚ್ಚಿಡ್ತಾನೆ ಅಂತ ನಿಧಾನಕ್ಕೆ ನೋಡ್ಬಹುದು.”

ಈ ಮಾತು ತಲೆಯಲ್ಲಿ ಉಳಿಯಿತು. ಯಾಕಂದ್ರೆ ಮುಂದೆ ತೆಗೆದುಕೊಂಡ ಪುಸ್ತಕ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಜಪಾನಿನಲ್ಲಿ 2005ರಲ್ಲಿ ಬಂದದ್ದು. ಅಲ್ಲಿ ಕೊಲೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಕಾಟ ಕೊಡಲು ಬಂದ ಮಾಜಿ ಗಂಡನನ್ನು ತಾಯಿ ಮಗಳು ಸೇರಿ ಕೊಂದುಬಿಡುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಅವರನ್ನು ಉಳಿಸಲು ನಿಲ್ಲುತ್ತಾನೆ. ಯಾರು, ಯಾಕೆ ಎರಡೂ ಮೊದಲೇ ಗೊತ್ತು. ಆದರೂ ಕೊನೆಯಲ್ಲಿ ಎದೆ ಹಿಂಡುತ್ತದೆ. ಲೇಖಕರು ನಮ್ಮಿಂದ ಮುಚ್ಚಿಟ್ಟದ್ದು ಕೊಲೆಗಾರನನ್ನಲ್ಲ, ನಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು. ತಿಂಗಳಿಡೀ ಓದಿದ್ದರಲ್ಲಿ ನನಗೆ ಅತಿ ಇಷ್ಟವಾದ ಪುಸ್ತಕ ಇದೇ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸುವ ಹೊತ್ತು ಬಂತು ಅನ್ನಿಸಿದ ತಕ್ಷಣ ಪುಸ್ತಕ ಮುಚ್ಚುತ್ತಿದ್ದೆ. ನನ್ನ ಅನುಮಾನ ಯಾರ ಮೇಲೆ, ಯಾಕೆ, ಹೇಗೆ ಅಂತ ಬರೆಯುತ್ತಿದ್ದೆ. ಅದರ ಕೆಳಗೆ ಇನ್ನೊಂದು ಸಾಲು: ನನ್ನ ಊಹೆಗೆ ಹೊಂದದ ಸಂಗತಿ ಯಾವುದು? ಎಲ್ಲಕ್ಕಿಂತ ಬೆಲೆಬಾಳುವುದು ಇದೇ ಸಾಲು. ಅಗಾಥಾ ಕ್ರಿಸ್ಟಿಯ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನಲ್ಲಿ ಒಂದು ಕುರ್ಚಿ ಇದೆ. ಹೆಣ ಸಿಕ್ಕಾಗ ಅದನ್ನು ಗೋಡೆಯಿಂದ ಮುಂದಕ್ಕೆ ಎಳೆದಿರುತ್ತದೆ, ಆಮೇಲೆ ನೋಡಿದರೆ ಮತ್ತೆ ಜಾಗಕ್ಕೆ ಹೋಗಿರುತ್ತದೆ. ಮನೆಯವರಿಗೆ ಅದು ಯಾವ ಲೆಕ್ಕದ್ದೂ ಅಲ್ಲ. ಪತ್ತೇದಾರ ಪ್ವಾರೋಗೆ ಮಾತ್ರ ಅದು ಚುಚ್ಚುತ್ತಿರುತ್ತದೆ. ಕೊನೆ ಗೊತ್ತಾದ ಮೇಲೆ ಮೊದಲಿನ ಅಧ್ಯಾಯಗಳಿಗೆ ವಾಪಸ್ ಹೋಗಿ ಓದಿ. ಸುಳ್ಳು ಅನ್ನುವಂಥ ಒಂದು ವಾಕ್ಯವೂ ಸಿಗುವುದಿಲ್ಲ. ಎಲ್ಲ ನಿಜವೇ. ಬಿಟ್ಟದ್ದು ಮಾತ್ರ ಬೇರೆ.

ಇಷ್ಟೆಲ್ಲ ತಯಾರಿ ಹಾರರ್‌ಗೆ ಬೇಡವೇ ಬೇಡ. ಅಲ್ಲಿ ನೋಟ್‌ಬುಕ್ ಪಕ್ಕಕ್ಕಿಟ್ಟೆ, ಫೋನ್ ಬೇರೆ ಕೋಣೆಯಲ್ಲಿಟ್ಟೆ. ಹಗಲು ಓದಲಿಲ್ಲ. ಅಧ್ಯಾಯದ ನಡುವೆ ನಿಲ್ಲಿಸಲಿಲ್ಲ. ಭಯ ನಿಧಾನಕ್ಕೆ ಏರುವಂಥದ್ದು. ನಡುವೆ ಎದ್ದು ಕಾಫಿ ಮಾಡಿಕೊಂಡು ಬಂದರೆ ಮತ್ತೆ ಮೊದಲಿಂದ ಏರಬೇಕು.

ಶರ್ಲಿ ಜ್ಯಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ 1959ರದ್ದು. ಅದರಲ್ಲಿ ದೆವ್ವ ಕಾಣುವುದೇ ಇಲ್ಲ. ಮನೆಯ ಮೂಲೆಗಳೆಲ್ಲ ಒಂದು ಚೂರು ಓರೆ, ಹಾಗಾಗಿ ಬಾಗಿಲುಗಳು ತಾವಾಗೇ ಮುಚ್ಚಿಕೊಳ್ಳುತ್ತವೆ. ಒಂದು ರಾತ್ರಿ ಏನೋ ಒಂದು, ಮನೆಯೊಳಗಿನ ಓಣಿಯುದ್ದಕ್ಕೂ ಬಾಗಿಲು ಬಡಿಯುತ್ತಾ ಬರುತ್ತದೆ. ಇನ್ನೊಂದು ರಾತ್ರಿ ಎಲೆನರ್ ಕತ್ತಲಲ್ಲಿ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದು ಮಲಗಿರುತ್ತಾಳೆ. ದೀಪ ಹತ್ತಿದಾಗ ನೋಡಿದರೆ ಗೆಳತಿ ದೂರದ ಮಂಚದ ಮೇಲೆ ಎದ್ದು ಕೂತಿದ್ದಾಳೆ. ಹಾಗಾದರೆ ತಾನು ಹಿಡಿದಿದ್ದು ಯಾರ ಕೈ? ಆ ಸಾಲು ಓದಿ ನಾನು ಪುಸ್ತಕ ಮುಚ್ಚಿ ಅತ್ತೆಯ ಕೋಣೆಗೆ ಹೋಗಿ ಕೂತೆ.

ಅವರು ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದ ಕಾಲದ ಮಾತು ತೆಗೆದರು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲಲ್ಲಿ ಇದು ಇತ್ತು. ರಾತ್ರಿ ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಅನ್ನುವ ನಂಬಿಕೆ. ಇಲ್ಲೂ ಅಷ್ಟೇ ನೋಡಿ, ದೆವ್ವದ ರೂಪದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಹೆದರಿಸಿದ್ದು ಗುರುತಿನ ದನಿ. ನನ್ನ ಪ್ರಕಾರ ಒಳ್ಳೆಯ ಹಾರರ್ ಲೇಖಕರೆಲ್ಲ ಮಾಡುವುದು ಇದನ್ನೇ. ಕೋರೆಹಲ್ಲು, ರಕ್ತ ಜಾಸ್ತಿಯಾದಷ್ಟೂ ಭಯ ಕಡಿಮೆ. ಸ್ಟೀಫನ್ ಕಿಂಗ್‌ನ ‘ದಿ ಶೈನಿಂಗ್’ನಲ್ಲೂ ನನ್ನನ್ನು ಜಾಸ್ತಿ ಕಾಡಿದ್ದು ಹೋಟೆಲಿನ ಹಳೆಯ ಬಾಯ್ಲರ್. ಅದರ ಒತ್ತಡವನ್ನು ದಿನಾ ಇಳಿಸುತ್ತಿರಬೇಕು ಅಂತ ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ನಮ್ಮ ಪಾಡು ಕಾಯುವುದಷ್ಟೇ.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಮಾತ್ರ ನನ್ನ ಈ ವಿಂಗಡಣೆಗೆ ಸಿಗಲಿಲ್ಲ. 1897ರ ಆ ಪುಸ್ತಕ ಪೂರ್ತಿ ಡೈರಿ, ಪತ್ರ, ಟೆಲಿಗ್ರಾಂ, ಹಡಗಿನ ದಿನಚರಿ. ವಾರ್ನಾದಿಂದ ವಿಟ್‌ಬಿಗೆ ಹೊರಟ ಹಡಗಿನಲ್ಲಿ ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುವ ಭಾಗಕ್ಕೆ ಕೈ ತಣ್ಣಗಾಯಿತು. ಆದರೆ ಆಮೇಲೆ ಮಿನಾ ಬರುತ್ತಾಳೆ. ಗಂಡನ ಶಾರ್ಟ್‌ಹ್ಯಾಂಡ್ ಡೈರಿ, ಡಾಕ್ಟರ್ ಸಿವರ್ಡ್ ಫೋನೋಗ್ರಾಫ್‌ನಲ್ಲಿ ಹೇಳಿಟ್ಟದ್ದು, ಎಲ್ಲವನ್ನೂ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ಕಂಡಿದ್ದು, ಕೇಳಿದ್ದು ಎಲ್ಲ ಅವಳ ಮೇಜಿನ ಮೇಲೆ ಒಟ್ಟಾಗುತ್ತದೆ. ಕೌಂಟ್ ಡ್ರಾಕುಲಾ ಬಂದು ಆ ಕಾಗದಗಳನ್ನು ಸುಟ್ಟರೂ ಒಂದು ಪ್ರತಿ ಸೇಫ್‌ನಲ್ಲಿ ಉಳಿದಿರುತ್ತದೆ. ದೆವ್ವದ ಕತೆಯೊಳಗೆ ಇಷ್ಟು ಅಚ್ಚುಕಟ್ಟಾದ ಪತ್ತೇದಾರಿಣಿ ಇದ್ದಾಳೆ ಅನ್ನುವುದನ್ನು ಸಿನಿಮಾ ನೋಡಿದವರು ಊಹಿಸಲಾರರು. ಅಲ್ಲಿಂದ ಮುಂದೆ ನೋಟ್‌ಬುಕ್ ಮತ್ತೆ ಕೈಗೆ ಬಂತು.

ತಿಂಗಳ ಕೊನೆಗೆ ಇಟ್ಟುಕೊಂಡಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. ಇದು ಡ್ರಾಕುಲಾಗೆ ಸರಿಯಾಗಿ ಉಲ್ಟಾ. ಏಲಕ್ಕಿ ಬೆಳೆ ಯಾಕೆ ಕುಸಿಯುತ್ತಿದೆ, ವಿಜ್ಞಾನಿ ಜೋಗಿಹಾಳರ ಸಾವು ಹೇಗಾಯಿತು ಅಂತ ತಿಳಿಯಲು ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಪಕ್ಕಾ ಪತ್ತೇದಾರಿ ಶುರು. ನಾನೂ ಹೆಸರು, ಹೊತ್ತು ಎಲ್ಲ ಬರೆಯತೊಡಗಿದೆ. ಆದರೆ ಪುಟ ಸರಿದಂತೆ ತನಿಖೆ ಊರಿನ ಜಾತಿ ಜಗಳ, ಗುಸುಗುಸು, ಸಣ್ಣತನಗಳಲ್ಲಿ ಮುಳುಗುತ್ತಾ ಹೋಗುತ್ತದೆ. ಅಪರಾಧಿ ಯಾರು ಅನ್ನುವ ಪ್ರಶ್ನೆಗಿಂತ ಈ ಊರು ಯಾವಾಗ ಹೊತ್ತಿಕೊಳ್ಳುತ್ತದೋ ಅನ್ನುವ ದಿಗಿಲು ದೊಡ್ಡದಾಗುತ್ತದೆ. ನಡುವೆ ಎಲ್ಲೋ ಪೆನ್ ಕೆಳಗಿಟ್ಟೆ. ನಮ್ಮದೇ ಮಲೆನಾಡು, ನಮ್ಮದೇ ಮಾತು. ಹಾಗಾಗಿ ಇಡೀ ತಿಂಗಳಲ್ಲಿ ನಾನು ನಿಜವಾಗಿ ಹೆದರಿದ್ದು ಈ ಪುಸ್ತಕಕ್ಕೆ. ಇದನ್ನು ಹಾಸ್ಯ ಕಾದಂಬರಿ ಅಂತಲೇ ಓದಿ ಮುಗಿಸಿದವರು ಒಂದೆರಡು ಕೊಲೆಯ ಪುಸ್ತಕ ಓದಿ, ಆಮೇಲೆ ಮತ್ತೊಮ್ಮೆ ತೆಗೆದು ನೋಡಿ.