ಕೆಲಸ ಮೊದಲು, ತರಬೇತಿ ಆ ಜಾಗದಲ್ಲೇ: ಅಂಗವಿಕಲರ ಉದ್ಯೋಗದಲ್ಲಿ ನನ್ನ ಅನುಭವ

ಅಂಗವಿಕಲರಿಗೆ ಉದ್ಯೋಗ ಎಂದ ಕೂಡಲೇ ನೆನಪಾಗುವುದು ಮೇಣದಬತ್ತಿ, ಅಗರಬತ್ತಿ, ಫಿನಾಯಿಲು. ಮೂರು ತಿಂಗಳು ತರಬೇತಿ, ಒಂದು ಸರ್ಟಿಫಿಕೇಟು, ಮತ್ತೆ ಮನೆಯೇ ಗತಿ. ಕೊಳ್ಳುವವರು ಊರಲ್ಲೇ ಇಲ್ಲದ ಸಾಮಾನು ಮಾಡಲು ಕಲಿಸಿದರೆ ಕಲಿತವರಿಗೆ ಸಂಬಳ ಎಲ್ಲಿಂದ ಬರಬೇಕು? ನಾನು ಅನುಸರಿಸುವ ಕ್ರಮ ಇದರ ತಿರುವುಮುರುವು. ಮೊದಲು ನಿಜವಾದ ಕೆಲಸ ಹುಡುಕುತ್ತೇನೆ. ಕಲಿಸುವುದೆಲ್ಲ ಆ ಕೆಲಸದ ಜಾಗದಲ್ಲೇ, ಅಲ್ಲಿನ ಸಾಮಾನಿನ ಮೇಲೆಯೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಬರವಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ವಖಾರಿಗಳು. ಕೆಳಗೆ ಕುಮಟಾ, ಅಂಕೋಲಾ ಕಡೆ ಗೇರುಬೀಜದ ಕಾರ್ಖಾನೆಗಳು. ಕಾರವಾರದಲ್ಲಿ ಹೋಟೆಲು, ಲಾಡ್ಜು, ಕಚೇರಿ. ಮಾಲೀಕರ ಹತ್ತಿರ ಹೋಗಿ "ಒಬ್ಬರಿಗೆ ಕೆಲಸ ಕೊಡಿ" ಎಂದು ಕೇಳಬಾರದು. ಹಾಗೆ ಕೇಳಿದರೆ "ನೋಡೋಣ" ಎಂಬ ಉತ್ತರ ಸಿಗುತ್ತದೆ, ಇಲ್ಲವೇ ಪಾಪ ಎಂದು ಬಾಗಿಲ ಬಳಿ ಕೂರಿಸುವ ಒಂದು ಕೆಲಸ. ನಾನು ಕೇಳುವುದು ಅರ್ಧ ದಿನ ಅಲ್ಲಿ ನಿಂತು ನೋಡಲು ಅನುಮತಿ ಮಾತ್ರ. ಕೆಲಸ ಎಲ್ಲಿ ಕಟ್ಟಿಕೊಳ್ಳುತ್ತದೆ, ಪಳಗಿದ ಕೈಯವರು ಯಾವ ಸಣ್ಣ ಕೆಲಸಕ್ಕೆ ಪದೇಪದೇ ಎದ್ದು ಹೋಗುತ್ತಾರೆ, ಗೋಣಿ ಯಾರು ತರುತ್ತಾರೆ, ತೂಕ ಯಾರು ಬರೆಯುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಆ ಪಟ್ಟಿಯಿಂದ ಒಂದು ಹುದ್ದೆ ಕತ್ತರಿಸಿ ತೆಗೆದು, "ಇದನ್ನು ಒಬ್ಬರೇ ಮಾಡಿದರೆ ನಿಮ್ಮ ಮೂವರು ಜಾಗದಿಂದ ಏಳಬೇಕಿಲ್ಲ" ಎಂದು ತೋರಿಸಿದಾಗ ಮಾತು ಮುಂದೆ ಹೋಗುತ್ತದೆ.

ಅಡಿಕೆ ಆರಿಸುವುದನ್ನೇ ತೆಗೆದುಕೊಳ್ಳಿ. ಸುಲಿದ ಚಾಲಿಯ, ಅಂದರೆ ಒಣಗಿಸಿದ ಬಿಳಿ ಅಡಿಕೆಯ, ರಾಶಿಯಿಂದ ಕೋಕಾ, ಕೆಂಪುಗೋಟು, ಬಿಳಿಗೋಟು, ಒಡಕು ಎಂಬ ಕಡಿಮೆ ದರ್ಜೆಯವನ್ನು ಬೇರೆ ಮಾಡಬೇಕು. ಬುದ್ಧಿಮಾಂದ್ಯ ಇರುವವರಿಗೆ ನಾಲ್ಕನ್ನೂ ಒಮ್ಮೆಗೇ ಹೇಳಿಕೊಟ್ಟರೆ ಮೊದಲ ದಿನವೇ ಸೋಲು, ಮೇಸ್ತ್ರಿಗೆ ಅದೇ ನೆನಪು. ಒಂದು ಸಲಕ್ಕೆ ಎರಡೇ ಆಯ್ಕೆ ಇರಬೇಕು: ಒಡಕು ಈ ಬುಟ್ಟಿಗೆ, ಉಳಿದದ್ದು ಅಲ್ಲೇ. ಅದು ತಪ್ಪಿಲ್ಲದೆ ಬಂದ ಮೇಲೆ ಕೋಕಾ, ಅದಾದ ಮೇಲೆ ಗೋಟು. ಬುಟ್ಟಿಯ ಮೇಲೆ ಹೆಸರು ಬರೆಯುವ ಬದಲು ಒಂದು ಹಲಗೆಗೆ ಆಯಾ ಜಾತಿಯ ನಿಜವಾದ ಅಡಿಕೆಯನ್ನೇ ನಾಲ್ಕೈದು ಅಂಟಿಸಿ ಎದುರಿಗಿಡುತ್ತೇನೆ. ಅನುಮಾನ ಬಂದಾಗ ಕೈಯಲ್ಲಿದ್ದದ್ದನ್ನು ಅದರ ಪಕ್ಕ ಹಿಡಿದು ನೋಡಿದರೆ ಆಯಿತು, ಯಾರನ್ನೂ ಕೇಳಬೇಕಿಲ್ಲ. ಮಾದರಿ ಅಡಿಕೆ ಆ ವಖಾರಿಯದ್ದೇ ಆಗಿರಬೇಕು, ಮೇಸ್ತ್ರಿಯೇ ಆರಿಸಿ ಕೊಟ್ಟಿರಬೇಕು. ಒಂದು ಕಡೆ ಕೋಕಾ ಎನ್ನಿಸಿದ್ದು ಇನ್ನೊಂದು ಕಡೆ ನಡೆದುಹೋಗುತ್ತದೆ.

ಮಂದದೃಷ್ಟಿ ಇರುವವರಿಗೆ ಅದೇ ಕೆಲಸದಲ್ಲಿ ಮೇಜಿನ ಬಣ್ಣ ಮುಖ್ಯ. ಕರಿ ಬಟ್ಟೆ ಹಾಸಿದರೆ ಚಾಲಿ ಎದ್ದು ಕಾಣುತ್ತದೆ, ಆದರೆ ಕಪ್ಪಾದ ಕೋಕಾ ಅದರಲ್ಲೇ ಮುಳುಗಿಹೋಗುತ್ತದೆ. ಕೋಕಾ ತೆಗೆಯಬೇಕಿದ್ದರೆ ತಿಳಿ ನೀಲಿ ಅಥವಾ ಬಿಳಿ ಹಾಸು ಬೇಕು. ಹೊಳೆಯುವ ಪ್ಲಾಸ್ಟಿಕ್ ಶೀಟು ಬೇಡ, ಬೆಳಕು ಅದರಿಂದ ಚಿಮ್ಮಿ ಕಣ್ಣಿಗೆ ಹೊಡೆಯುತ್ತದೆ. ಕಿಟಕಿ ಎದುರಿಗಿರಬಾರದು, ಪಕ್ಕಕ್ಕಿರಬೇಕು. ಪೂರ್ತಿ ಕಾಣದವರಿಗೆ ಬಣ್ಣ ನೋಡಿ ಆರಿಸುವ ಕೆಲಸ ಹೊಂದುವುದಿಲ್ಲ. ಅವರಿಗೆ ಮಾತಾಡುವ ತೂಕದ ಯಂತ್ರವಿಟ್ಟು ಪೊಟ್ಟಣ ತುಂಬುವ ಕೆಲಸ, ಫೋನು, ಕಂಪ್ಯೂಟರು ನೋಡುತ್ತೇನೆ.

ಕಂಪ್ಯೂಟರಿನ ಮಾತು ಬಂದಾಗ ಒಂದು ತೊಡಕು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರು (ಪರದೆಯ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಎಷ್ಟೋ ಸಂಘ, ಕಚೇರಿಗಳ ಹಳೆಯ ಕಡತಗಳು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿವೆ. ಕಣ್ಣಿಗೆ ಅದು ಕನ್ನಡ, ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಒಳಗಿರುವುದು ಆ ಸಂಕೇತಗಳೇ, ಕನ್ನಡದ ರೂಪ ಫಾಂಟಿನದ್ದು ಮಾತ್ರ. ಕೆಲಸಕ್ಕೆ ಸೇರುವ ಮೊದಲೇ ಕಡತಗಳನ್ನು ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತವಿರುವ ವ್ಯವಸ್ಥೆಗೆ) ಬದಲಿಸಿಕೊಡಬೇಕು. ಇಲ್ಲವಾದರೆ ಕಲಿತವರ ತಪ್ಪೇನೂ ಇಲ್ಲದೆ "ಇವರಿಗೆ ಬರುವುದಿಲ್ಲ" ಎಂಬ ಹೆಸರು ಬರುತ್ತದೆ.

ಗೇರುಬೀಜದಲ್ಲಿ ಒಡೆಯುವ ಕೆಲಸ ಬೇರೆ, ಸಿಪ್ಪೆ ತೆಗೆಯುವುದು, ಗ್ರೇಡಿಂಗು (ಗಾತ್ರ ನೋಡಿ ವಿಂಗಡಿಸುವುದು) ಬೇರೆ. ಗೇರಿನ ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ. ಕುಷ್ಠ ವಾಸಿಯಾದ ಮೇಲೂ ಕೈಗೆ ಸ್ಪರ್ಶ ಬಾರದವರನ್ನು ಒಡೆಯುವಲ್ಲಿ ಯಾವ ಕಾರಣಕ್ಕೂ ಕೂರಿಸಬಾರದು. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ, ಗಾಯ ಹಳೆಯದಾದ ಮೇಲೆ ಕಣ್ಣಿಗೆ ಬೀಳುತ್ತದೆ. ಮೊಂಡು ತುದಿಯ ಚಿಮಟ, ದಪ್ಪ ಹಿಡಿಯ ಚಾಕು, ದಿನಕ್ಕೆ ಎರಡು ಸಲ ಅಂಗೈ ನೋಡಿಕೊಳ್ಳುವ ರೂಢಿ ಇದ್ದರೆ ಗ್ರೇಡಿಂಗಿನಲ್ಲಿ ಅವರು ನಿಲ್ಲುತ್ತಾರೆ. ಡಬ್ಲ್ಯೂ 320 ಎಂಬ ದರ್ಜೆ ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ, ಡಬ್ಲ್ಯೂ 240 ಎಂದರೆ 220ರಿಂದ 240. ಇದನ್ನು ಸಂಖ್ಯೆಯಲ್ಲಿ ಹೇಳಿದರೆ ಎಷ್ಟೋ ಜನರಿಗೆ ತಲೆಗೆ ಹತ್ತದು. ಎರಡು ಬೀಜ ಪಕ್ಕಪಕ್ಕ ಇಟ್ಟರೆ ಕೈಯೇ ಕಲಿಯುತ್ತದೆ.

ಕಿವಿ ಕೇಳದವರಿಗೆ ಯಂತ್ರದ ಹತ್ತಿರ ಕೆಲಸ ಬೇಡ ಎನ್ನುವುದು ಸರಿಯಲ್ಲ. ಗಂಟೆಯ ಜೊತೆಗೆ ಕೆಂಪು ದೀಪ ಮಿನುಗುವಂತೆ ಮಾಡಿ, ಯಂತ್ರದ ಸ್ವಿಚ್ಚು ಹಾಕುವವರು ಅವರಿಗೆ ಎದುರು ಕಾಣುವಂತೆ ಜಾಗ ಬದಲಿಸಿದರೆ ಸಾಕು. ಇನ್ನೊಂದು ವಿಷಯ, ಕಾರವಾರದ ಕಡೆ ಬಹಳ ಮನೆಗಳಲ್ಲಿ ಕೊಂಕಣಿ ಮಾತು. ಬುದ್ಧಿಮಾಂದ್ಯ ಇರುವವರಿಗೆ ಮನೆಯಲ್ಲಿ ಕೊಂಕಣಿ, ಕೆಲಸದಲ್ಲಿ ಕನ್ನಡ ಎಂದರೆ ಅವರು ತಡವರಿಸುವುದು ಕೆಲಸಕ್ಕಲ್ಲ, ಮಾತಿಗೆ. ಕಲಿಸುವವರು ಕೊಂಕಣಿ ಬಲ್ಲವರಾಗಿರಲಿ.

ಕಲಿಸುವಾಗ ಮೊದಲು ಮಾಡಿ ತೋರಿಸುವುದು, ಆಮೇಲೆ ಬೆರಳು ತೋರಿಸುವುದು, ಆಮೇಲೆ ಒಂದೇ ಮಾತು, ಕೊನೆಗೆ ಸುಮ್ಮನಿರುವುದು. ಈ ಸುಮ್ಮನಿರುವುದೇ ಕಷ್ಟ. ತಪ್ಪು ಕಂಡ ಕೂಡಲೇ ಕೈ ಹಾಕುವ ತರಬೇತಿದಾರರು ಅಲ್ಲೇ ಕಾಯಂ ಆಗಿಬಿಡುತ್ತಾರೆ, ಅವರು ಬರದ ದಿನ ಕೆಲಸ ನಿಲ್ಲುತ್ತದೆ. ಮೊದಲ ವಾರ ಪೂರ್ತಿ ದಿನ, ಎರಡನೇ ವಾರ ಅರ್ಧ ದಿನ, ಆಮೇಲೆ ವಾರಕ್ಕೆ ಎರಡು ಸಲ, ಎರಡು ತಿಂಗಳ ನಂತರ ತಿಂಗಳಿಗೊಮ್ಮೆ ಹೋದರೆ ಹೆಚ್ಚಿನವರಿಗೆ ಸಾಕು. ಮೇಸ್ತ್ರಿ ತರಬೇತಿದಾರರ ಮುಖ ನೋಡಿ "ಇವನಿಗೆ ಹೇಳಿ" ಎಂದರೆ, "ನೀವೇ ಹೇಳಿ, ಅವರಿಗೆ ಅರ್ಥವಾಗುತ್ತದೆ" ಎನ್ನಬೇಕು. ಮೊದಲ ದಿನದಿಂದಲೇ.

ಕೆಲಸ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಕೆಲಸ ಬಾರದೆ ಅಲ್ಲ. ದಾರಿ, ಶೌಚಾಲಯ, ಮಳೆ, ಈ ಮೂರರಿಂದ. ಊರುಗೋಲಿನ ತುದಿಯ ರಬ್ಬರು ಸವೆದಿದ್ದರೆ ಜೂನಿನ ಪಾಚಿಗಟ್ಟಿದ ಚಿರೇಕಲ್ಲಿನ ಮೇಲೆ ಬೀಳುವುದು ಖಂಡಿತ. ಮೇ ತಿಂಗಳಲ್ಲೇ ಬದಲಿಸಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ರ‍್ಯಾಂಪಿಗೆ ಅಳತೆ 1:12. ಬಾಗಿಲ ಮೆಟ್ಟಿಲು ಒಂದು ಅಡಿ ಎತ್ತರವಿದ್ದರೆ ರ‍್ಯಾಂಪು ಹನ್ನೆರಡು ಅಡಿ ಉದ್ದ ಬೇಕು. ಜಾಗವಿಲ್ಲವೆಂದು ನಾಲ್ಕು ಅಡಿಗೆ ಮುಗಿಸಿದ್ದು ಗೋಣಿ ಎಳೆಯಲು ಆಗುತ್ತದೆ, ಗಾಲಿಕುರ್ಚಿಗೆ ಅಪಾಯ. ಸಿಮೆಂಟು ನುಣುಪಾಗಿಸದೆ ಅಡ್ಡಗೆರೆ ಎಳೆಯಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಪಾಚಿ ತಿಕ್ಕಿಸಿ. ಶೌಚಾಲಯದ ಬಾಗಿಲು 90 ಸೆಂ.ಮೀ. ಅಗಲ, ಹೊರಗೆ ತೆರೆಯುವಂತಿರಲಿ, ಗೋಡೆಗೆ ಕಬ್ಬಿಣದ ಹಿಡಿ ಇರಲಿ. ಇದಿಲ್ಲದ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ನೀರೇ ಕುಡಿಯದೆ ಕೂರುತ್ತಾರೆ. ಯಾವ ಮಾಲೀಕರೂ ಇದನ್ನು ತಾವಾಗಿ ಗಮನಿಸಿದ್ದು ಕಂಡಿಲ್ಲ, ಕೇಳಲೇಬೇಕು.

ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಬೆಳಿಗ್ಗೆ ಮಂಪರು ಇರಬಹುದು. ಎಂಟಕ್ಕೆ ಬದಲು ಹತ್ತಕ್ಕೆ ಶುರು ಮಾಡಿಸಿದರೆ ಅದೇ ವ್ಯಕ್ತಿ ಸಂಜೆಯವರೆಗೆ ಸರಾಗವಾಗಿ ದುಡಿಯುತ್ತಾರೆ. ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ನಡೆಯುವುದು ಮಂಗಳವಾರ, ಆ ದಿನದ ರಜೆ ಸೇರುವಾಗಲೇ ಮಾತಾಗಬೇಕು. ರಜೆ ಸಿಗದೆ ಮಾತ್ರೆ ತಪ್ಪಿದರೆ ಮುಂದೆ ಕೆಲಸವೂ ತಪ್ಪುತ್ತದೆ.

ಕಾಗದಪತ್ರದಲ್ಲಿ ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅರ್ಜಿ ಹಾಕಿಸಿಕೊಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮೀಸಲಾತಿಗೆ ಕನಿಷ್ಠ ಶೇ. 40 ಇರಬೇಕು. 20 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆ ಅಂಗವಿಕಲರಿಗೆ ಏನೇನು ಅನುಕೂಲ ಮಾಡಿಕೊಡುತ್ತದೆ ಎಂದು ಸಮಾನ ಅವಕಾಶ ನೀತಿಯಲ್ಲಿ ಬರೆದಿಡಬೇಕು, ಅದಕ್ಕೊಬ್ಬ ಅಧಿಕಾರಿಯನ್ನೂ ನೇಮಿಸಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಬಳದ ಮಿತಿ ಉಳಿದವರಿಗೆ 21,000, ಅಂಗವಿಕಲರಿಗೆ 25,000 ರೂಪಾಯಿ. ಬಹಳ ಲೆಕ್ಕಿಗರಿಗೆ ಇದು ಗೊತ್ತಿರುವುದಿಲ್ಲ. ಮಾಸಾಶನಕ್ಕೆ ಆದಾಯದ ಮಿತಿ ಇರುವುದರಿಂದ, ಸಂಬಳ ಬಂದರೆ ಅದು ನಿಂತೀತು ಎಂದು ಮನೆಯವರು ಹೆದರುತ್ತಾರೆ. ಅದನ್ನು ಮುಚ್ಚಿಡದೆ, ಸಂಬಳ, ಮಾಸಾಶನ ಎರಡರ ಲೆಕ್ಕವನ್ನೂ ಒಂದೇ ಕಾಗದದಲ್ಲಿ ಬರೆದು ಮುಂದಿಡಬೇಕು.

ಸಂಬಳ ಅವರದೇ ಹೆಸರಿನ ಖಾತೆಗೆ ಬೀಳಲಿ. "ಕಲಿಯುತ್ತಿದ್ದಾರೆ" ಎಂದು ಅರ್ಧ ಕೂಲಿ ಕೊಡುವುದು ಒಂದು ತಿಂಗಳು ದಾಟಬಾರದು. ದಾಟಿದರೆ ಅದೇ ಕಾಯಂ ಆಗುತ್ತದೆ. ಕಿಲೋ ಲೆಕ್ಕದ ಕೂಲಿಯಾದರೆ ವಾರವಾರ ಅವರು ಆರಿಸಿದ್ದೆಷ್ಟು, ಪಕ್ಕದವರು ಆರಿಸಿದ್ದೆಷ್ಟು ಎಂದು ಬರೆದಿಡಿ. ಅಂತರ ಕಡಿಮೆಯಾಗದಿದ್ದರೆ ನೋಡಬೇಕಾದ್ದು ಮೇಜಿನ ಎತ್ತರ, ಬೆಳಕು, ಗೋಣಿ ಬರುವ ಹೊತ್ತು. ಬಹಳ ಸಲ ಕೈ ನಿಧಾನವಿರುವುದಿಲ್ಲ, ಗೋಣಿ ತಡವಾಗಿರುತ್ತದೆ.

ವರ್ಷಗಟ್ಟಲೆ ಸರಿಯಾಗಿ ನಡೆದ ಕೆಲಸ ಒಂದೇ ವಾರದಲ್ಲಿ ಮುರಿಯುವುದು ಸಾಮಾನ್ಯವಾಗಿ ಮೇಸ್ತ್ರಿ ಬದಲಾದಾಗ. ಹೊಸಬರು ಮಾದರಿ ಹಲಗೆ ಎತ್ತಿಡುತ್ತಾರೆ, ಕೂರುವ ಜಾಗ ಬದಲಿಸುತ್ತಾರೆ, ಮಂಗಳವಾರದ ರಜೆ ಏಕೆಂದು ಕೇಳುತ್ತಾರೆ. ಹಾಗಾಗಿ ಸೇರಿಸುವಾಗಲೇ ಒಂದು ಪುಟದಲ್ಲಿ ಕೆಲಸದ ಹಂತ, ಜಾಗ, ಹೊತ್ತು, ರಜೆ ಬರೆದು ಮಾಲೀಕರ ಸಹಿ ಹಾಕಿಸಿ, ಒಂದು ಪ್ರತಿ ಕೆಲಸಗಾರರ ಕೈಯಲ್ಲೇ ಇರಿಸುತ್ತೇನೆ. ಮೇಸ್ತ್ರಿ ಬದಲಾದ ಸುದ್ದಿ ಬಂದರೆ ತಿಂಗಳ ಭೇಟಿಗೆ ಕಾಯದೆ ಅದೇ ವಾರ ಹೋಗಿ ಆ ಪುಟವನ್ನು ಹೊಸಬರ ಜೊತೆ ಕೂತು ಓದಬೇಕು.